ಮಂಚವೊಂದಕ್ಕೆ ಎಷ್ಟು ಜನ? ಫ್ರಾನ್ಸಿನ ಹಳೆಯ ಧರ್ಮಾಸ್ಪತ್ರೆಗಳ ಕಟ್ಟಡ ಮತ್ತು ಕಥೆ

ಫ್ರಾನ್ಸಿನ ಬರ್ಗಂಡಿ ಸೀಮೆಯ ಬೋನ್ ಊರಿನ ಧರ್ಮಾಸ್ಪತ್ರೆ ತನ್ನ ಮೊದಲ ರೋಗಿಯನ್ನು ಸೇರಿಸಿಕೊಂಡದ್ದು 1452ರ ಜನವರಿ 1ರಂದು. ಅಲ್ಲಿನ ರೋಗಿಗಳನ್ನು ಹೊಸ ಆಸ್ಪತ್ರೆಗೆ ಸಾಗಿಸಿದ್ದು 1971ರಲ್ಲಿ. ಐದು ಶತಮಾನಕ್ಕೂ ಮಿಕ್ಕಿ ಒಂದೇ ಸೂರಿನಡಿ ಬಡವರ ಆರೈಕೆ ನಡೆಯಿತು. ಅದೇ ದೇಶದ ರಾಜಧಾನಿಯಲ್ಲಿ, ಅದಕ್ಕಿಂತ ಎಷ್ಟೋ ಹಳೆಯದಾದ ಇನ್ನೊಂದು ಧರ್ಮಾಸ್ಪತ್ರೆ 1780ರ ದಶಕದ ಹೊತ್ತಿಗೆ ಯುರೋಪಿಗೆಲ್ಲ ಕುಖ್ಯಾತವಾಗಿತ್ತು. ಅಲ್ಲಿಗೆ ಹೋದವರಲ್ಲಿ ನಾಲ್ಕೂವರೆ ಜನಕ್ಕೆ ಒಬ್ಬರಂತೆ ಸಾಯುತ್ತಿದ್ದಾರೆಂದು ವಿಜ್ಞಾನ ಅಕಾಡೆಮಿ ನೇಮಿಸಿದ ಪರಿಶೀಲಕರು ಲೆಕ್ಕ ಕೊಟ್ಟರು. ಎರಡಕ್ಕೂ ಓತೆಲ್-ದ್ಯೂ ಎಂದೇ ಹೆಸರು. ಎರಡನ್ನೂ ಕಟ್ಟಿಸಿದ್ದು ಒಂದೇ ನಂಬಿಕೆ, ನಡೆಸಿದ್ದು ಒಂದೇ ಬಗೆಯ ಸನ್ಯಾಸಿನಿಯರು. ಹಾಗಾದರೆ ಒಂದು ಬಾಳಿ ಇನ್ನೊಂದು ಕೊಳೆತದ್ದೇಕೆ?

ಈ ಪ್ರಶ್ನೆಗೆ ರೂಢಿಯಲ್ಲಿರುವ ಉತ್ತರ ಕಟ್ಟಡದ ಕಡೆ ಬೆರಳು ತೋರಿಸುತ್ತದೆ. ಮಧ್ಯಯುಗದ ಆಸ್ಪತ್ರೆಯೆಂದರೆ ಮಂಚ ಹಾಕಿದ ಇಗರ್ಜಿ, ಅಲ್ಲಿ ಆತ್ಮಕ್ಕೆ ಉಪಚಾರವಿತ್ತೇ ಹೊರತು ದೇಹಕ್ಕಲ್ಲ, 18ನೇ ಶತಮಾನದ ವಿಜ್ಞಾನಿಗಳು ಬಂದು ಗಾಳಿ ಬೆಳಕಿನ ಲೆಕ್ಕ ಹಾಕಿದ ಮೇಲಷ್ಟೇ ನಿಜವಾದ ಆಸ್ಪತ್ರೆ ಹುಟ್ಟಿತು ಎನ್ನುವ ವಾದವದು. ವೈದ್ಯಕೀಯ ಇತಿಹಾಸದ ಪುಸ್ತಕಗಳಲ್ಲಿ ಇದೇ ಧಾಟಿ. ಕಲೆಯ ಇತಿಹಾಸಕಾರರದು ಇನ್ನೊಂದೇ ದಾರಿ: ಅವರು ಕಮಾನು, ಚಾವಣಿ, ಚಿತ್ರಪಟಗಳನ್ನು ಹೊಗಳುತ್ತಾರೆ, ಮಂಚದ ಮೇಲೆ ಮಲಗಿದವನನ್ನು ಮರೆಯುತ್ತಾರೆ. ಕಟ್ಟಡಗಳನ್ನು ಒಂದೊಂದಾಗಿ, ರೋಗಿಯ ಕಡೆಯಿಂದ ನೋಡುತ್ತ ಬಂದರೆ ಈ ಎರಡೂ ನೋಟಗಳು ಅರೆಬರೆ ಅನ್ನಿಸುತ್ತವೆ.

ಒಂದೇ ಹಜಾರ, ಒಂದೇ ಸೂರು

ಉಳಿದಿರುವ ಹಳೆಯ ಹಜಾರಗಳಲ್ಲಿ ಮೊದಲು ಹೇಳಬೇಕಾದದ್ದು ಪಶ್ಚಿಮ ಫ್ರಾನ್ಸಿನ ಆಂಜೆ ಊರಿನ ಸಂತ ಯೋಹಾನರ ಆಸ್ಪತ್ರೆ. ಅದನ್ನು 1175ರ ಸುಮಾರಿಗೆ ಸ್ಥಾಪಿಸಿದವನು ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿಯ ಕೈಕೆಳಗೆ ಆಂಜೂ ಸೀಮೆಯ ಆಡಳಿತ ನೋಡುತ್ತಿದ್ದ ಎತಿಯೆನ್ ದ ಮಾರ್ಸೆ. ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನ ಕೊಲೆಯ ಪಾಪ ದೊರೆಯ ತಲೆಗೆ ಸುತ್ತಿಕೊಂಡಿದ್ದ ಕಾಲವದು, ಪ್ರಾಯಶ್ಚಿತ್ತಕ್ಕಾಗಿಯೇ ಈ ಆಸ್ಪತ್ರೆ ಎದ್ದಿತೆಂದು ಪ್ರತೀತಿ. ಸುಮಾರು 60 ಮೀಟರ್ ಉದ್ದ, 22 ಮೀಟರಿಗೂ ಮಿಕ್ಕ ಅಗಲದ ಹಜಾರ. ಎರಡು ಸಾಲು ತೆಳ್ಳನೆಯ ಕಲ್ಲುಕಂಬಗಳು ಅದನ್ನು ಮೂರು ಉದ್ದನೆಯ ಅಂಕಣಗಳಾಗಿ ಸೀಳುತ್ತವೆ. ಕಂಬಗಳ ಮೇಲೆ ಗುಮ್ಮಟದಂತೆ ನಡುವೆ ಉಬ್ಬಿದ ಆ ಸೀಮೆಯದೇ ಶೈಲಿಯ ಕಮಾನು ಚಾವಣಿ. ಕಂಬಗಳು ಎಷ್ಟು ಸಪೂರವೆಂದರೆ ಹಜಾರದ ಒಂದು ತುದಿಯಲ್ಲಿ ನಿಂತ ಸನ್ಯಾಸಿನಿಗೆ ಇನ್ನೊಂದು ತುದಿಯ ಮಂಚ ಮರೆಯಾಗುವುದಿಲ್ಲ. ಇದು 19ನೇ ಶತಮಾನದವರೆಗೂ ಆಸ್ಪತ್ರೆಯಾಗಿಯೇ ಇತ್ತು. ಈಗ ಅಲ್ಲಿ ಜಾನ್ ಲ್ಯುರ್ಸಾ ನೇಯಿಸಿದ ದೊಡ್ಡ ಚಿತ್ರಗಂಬಳಿಗಳ ಮ್ಯೂಸಿಯಂ ಇದೆ.

ಬರ್ಗಂಡಿಯ ತೊನೇರ್ ಊರಿನದು ಇದಕ್ಕಿಂತ ದೊಡ್ಡ ಸಾಹಸ. ನೇಪಲ್ಸ್ ಮತ್ತು ಸಿಸಿಲಿಯ ದೊರೆಯಾಗಿದ್ದ ಆಂಜೂವಿನ ಚಾರ್ಲ್ಸ್‌ನ ವಿಧವೆ ಮಾರ್ಗರೀತ್ ದ ಬೂರ್ಗೋಞ್ ತನ್ನ ತವರಿನ ಜಹಗೀರಿಗೆ ಮರಳಿ 1293ರಲ್ಲಿ ಅದನ್ನು ಆರಂಭಿಸಿದಳು. ಸುಮಾರು 90 ಮೀಟರ್ ಉದ್ದ, 18 ಮೀಟರ್ ಅಗಲದ ಹಜಾರ. ನಡುವೆ ಒಂದೂ ಕಂಬವಿಲ್ಲ. ಗೋಡೆಯಿಂದ ಗೋಡೆಗೆ ಓಕ್ ಮರದ ತೊಲೆಗಳು, ಅವುಗಳ ಮೇಲೆ ಹಲಗೆ ಹೊದೆಸಿದ ಅರ್ಧವರ್ತುಲದ ಚಾವಣಿ. ಪೂರ್ವದ ತುದಿಯಲ್ಲಿ ಬಲಿಪೀಠ.

ಇಷ್ಟನ್ನೇ ನೋಡಿದವರು ಇದನ್ನು ಇಗರ್ಜಿಯೆಂದು ಕರೆದರೆ ತಪ್ಪಿಲ್ಲ. ಆದರೆ 19ನೇ ಶತಮಾನದಲ್ಲಿ ಫ್ರಾನ್ಸಿನ ಹಳೆಯ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಹೆಸರಾದ ವಿಯೊಲೆ-ಲ-ದ್ಯುಕ್ ತೊನೇರ್‌ನ ನಕ್ಷೆ ಬರೆಯುವಾಗ ಬೇರೆಯದನ್ನು ಗಮನಿಸಿದ. ಎರಡೂ ಗೋಡೆಗಳ ಉದ್ದಕ್ಕೆ 40 ಮಂಚಗಳಿದ್ದವು. ಪ್ರತಿ ಮಂಚಕ್ಕೂ ಮೂರು ಕಡೆ ಮರದ ಹಲಗೆಯ ಮರೆ, ಮುಂದಕ್ಕೆ ಪರದೆ. ಅಂದರೆ ಪ್ರತಿ ರೋಗಿಗೂ ಒಂದು ಪುಟ್ಟ ಕೋಣೆ. ಆ ಕೋಣೆಗೆ ಮುಚ್ಚಿಗೆಯಿಲ್ಲ. ಈ ಮರೆಗಳ ಮೇಲುಗಡೆ, ಕಿಟಕಿಗಳ ಮಟ್ಟದಲ್ಲಿ, ಗೋಡೆಯುದ್ದಕ್ಕೆ ಒಂದು ಮೇಲ್‌ಹಾದಿ. ಅಲ್ಲಿ ನಡೆದಾಡುವ ಪರಿಚಾರಕರು ಎತ್ತರದ ಕಿಟಕಿಗಳನ್ನು ತೆರೆಯಬಹುದು, ಮುಚ್ಚಬಹುದು, ಕೆಳಗೆ ಮಲಗಿದವರನ್ನು ಎಬ್ಬಿಸದೆಯೇ ಒಬ್ಬೊಬ್ಬರನ್ನೂ ನೋಡಬಹುದು. ರೋಗಿಗೆ ಮರ್ಯಾದೆಯ ಮರೆ ಬೇಕು, ಆದರೆ ನೋಡಿಕೊಳ್ಳುವವರ ಕಣ್ಣಿಗೆ ಆತ ಬೀಳುತ್ತಲೂ ಇರಬೇಕು. ಇಂದಿಗೂ ವಾರ್ಡಿನ ನಕ್ಷೆ ಹಾಕುವವರಿಗೆ ತಲೆನೋವಾದ ಈ ಇಕ್ಕಟ್ಟನ್ನು 1293ರಲ್ಲಿ ಯಾರೋ ಬಡಗಿ, ಯಾರೋ ಕಲ್ಲುಕುಟಿಗ ಬಿಡಿಸಿದ್ದರು.

ಮಾರ್ಗರೀತ್ ಬರೆಸಿದ ದಾನಶಾಸನದ ಷರತ್ತುಗಳಲ್ಲೂ ಇದೇ ಕಾಳಜಿ. ಗುಣವಾದವರನ್ನು ಮಂಚದಿಂದ ಎದ್ದ ದಿನವೇ ಹೊರಗೆ ಕಳಿಸುವಂತಿಲ್ಲ. ಏಳು ದಿನ ಇರಿಸಿಕೊಂಡು, ಊಟ ಹಾಕಿ, ಹೊರಡುವಾಗ ಅಂಗಿ, ಮೇಲಂಗಿ, ಪಾದರಕ್ಷೆ ಕೊಟ್ಟು ಕಳಿಸಬೇಕು. ಅವಳು ತನ್ನ ಮನೆಯನ್ನೂ ಹಜಾರದ ಪಕ್ಕಕ್ಕೇ ಕಟ್ಟಿಸಿಕೊಂಡಿದ್ದಳು. ಅಲ್ಲಿಂದ ಮುಚ್ಚಿದ ಓಣಿಯೊಂದರಲ್ಲಿ ನಡೆದು ನೇರವಾಗಿ ಹಜಾರಕ್ಕೆ ಬರಬಹುದಿತ್ತು. 1308ರಲ್ಲಿ ತೀರಿಕೊಳ್ಳುವವರೆಗೆ ಆಸ್ಪತ್ರೆ ಅವಳ ಕಣ್ಣಳತೆಯಲ್ಲೇ ಇತ್ತು.

ಬೋನ್: ಲೆಕ್ಕ ಬಲ್ಲವನ ದಾನ

ಬೋನ್‌ನ ಸ್ಥಾಪಕ ನಿಕೊಲಾ ರೊಲಾಂ ಸಂತನಾಗಿರಲಿಲ್ಲ. ಬರ್ಗಂಡಿಯ ದೊರೆ ಫಿಲಿಪ್‌ಗೆ 1422ರಿಂದ ಸುಮಾರು 40 ವರ್ಷ ಮಂತ್ರಿಯಾಗಿದ್ದ ವಕೀಲ. ಫ್ರಾನ್ಸ್ ಮತ್ತು ಬರ್ಗಂಡಿಗಳ ನಡುವಿನ 1435ರ ಅರಾಸ್ ಒಪ್ಪಂದ ಅವನ ಕೈಚಳಕ. ಆ ಅಧಿಕಾರದಲ್ಲಿ ಅವನು ಗಳಿಸಿದ ಆಸ್ತಿಗೆ ಮಿತಿಯಿರಲಿಲ್ಲ. ಇಷ್ಟೊಂದು ಜನರನ್ನು ಬಡವರಾಗಿಸಿದವನು ಅವರಿಗೊಂದು ಮನೆ ಕಟ್ಟಿಸುವುದು ನ್ಯಾಯವೇ ಎಂದು ಫ್ರಾನ್ಸಿನ ದೊರೆ ಹನ್ನೊಂದನೇ ಲೂಯಿ ಕುಟುಕಿದನೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ನೂರು ವರ್ಷಗಳ ಯುದ್ಧ ನಿಂತಿತೆನ್ನುವಾಗ ಕೆಲಸವಿಲ್ಲದ ಕೂಲಿ ಸೈನಿಕರು ಬರ್ಗಂಡಿಯ ಹಳ್ಳಿಗಳನ್ನು ಸುಲಿದಿದ್ದರು. ಬರಗಾಲ, ಪ್ಲೇಗು ಹಿಂಬಾಲಿಸಿದ್ದವು. ಅಂಥ ಹೊತ್ತಿನಲ್ಲಿ, 1443ರ ಆಗಸ್ಟ್ 4ರಂದು, ರೊಲಾಂ ಮತ್ತು ಅವನ ಮೂರನೇ ಹೆಂಡತಿ ಗಿಗೋನ್ ದ ಸಲಾಂ ದಾನಪತ್ರ ಬರೆಸಿದರು. ಇಹದ ಸಂಪತ್ತನ್ನು ಕೊಟ್ಟು ಪರದ ಸಂಪತ್ತನ್ನು ಪಡೆಯುವ ಲಾಭದ ವ್ಯಾಪಾರವಿದು ಎಂಬ ಅರ್ಥದ ಮಾತು ಆ ಪತ್ರದಲ್ಲೇ ಇದೆ. ಮುಚ್ಚುಮರೆಯಿಲ್ಲದ ವ್ಯವಹಾರ.

ಬೀದಿಯ ಕಡೆಯಿಂದ ನೋಡಿದರೆ ಬೋನ್‌ನ ಕಟ್ಟಡ ಗಂಭೀರ: ಬೋಳು ಗೋಡೆ, ಕಪ್ಪು ಸ್ಲೇಟು ಕಲ್ಲಿನ ಕಡಿದಾದ ಮಾಡು, ಮೇಲೊಂದು ಚೂಪು ಶಿಖರ. ಒಳಗಿನ ಅಂಗಳಕ್ಕೆ ಕಾಲಿಟ್ಟರೆ ಕೆಂಪು, ಕಂದು, ಹಳದಿ, ಹಸಿರು ಮೆರುಗಿನ ಹೆಂಚುಗಳು ಜಡೆ ಹೆಣೆದಂತೆ ಹರಡಿರುತ್ತವೆ. ಪೋಸ್ಟ್‌ಕಾರ್ಡುಗಳಲ್ಲಿ ಕಾಣುವುದು ಈ ಮಾಡೇ. ಆದರೆ ಈಗಿರುವ ಬಣ್ಣದ ಹೆಂಚುಗಳು 1902ರಿಂದ 1907ರ ನಡುವೆ ಲೂಯಿ ಸೊವಾಜೊ ಎಂಬ ವಾಸ್ತುಶಿಲ್ಪಿ ಮರುವಿನ್ಯಾಸ ಮಾಡಿಸಿ ಹೊದೆಸಿದವು. ದೊಡ್ಡ ಹಜಾರದ ಮಂಚ, ಪರದೆಗಳ ಸಾಲನ್ನು ಮತ್ತೆ ಹೊಂದಿಸಿದ್ದೂ 1870ರ ದಶಕದಲ್ಲಿ, ವಿಯೊಲೆ-ಲ-ದ್ಯುಕ್‌ನ ಅಳಿಯ ಮೋರಿಸ್ ಊರಾದುನ ಉಸ್ತುವಾರಿಯಲ್ಲಿ. ಬೋನ್‌ಗೆ ಹೋಗಿ 15ನೇ ಶತಮಾನವನ್ನು ಕಣ್ಣಾರೆ ಕಂಡೆವು ಎನ್ನುವವರು ಬಹುಪಾಲು 19ನೇ ಶತಮಾನದ ಕಣ್ಣಿನಿಂದ ಅದನ್ನು ಕಂಡಿರುತ್ತಾರೆ.

ಹಜಾರದ ಮೈಕಟ್ಟು ಮಾತ್ರ ಹಳೆಯದೇ. ಸುಮಾರು 50 ಮೀಟರ್ ಉದ್ದ, 14 ಮೀಟರ್ ಅಗಲ, 16 ಮೀಟರ್ ಎತ್ತರ. ಚಾವಣಿ ಮಗುಚಿಟ್ಟ ಹಡಗಿನ ಒಡಲಿನಂತಿದೆ, ಅಡ್ಡತೊಲೆಗಳ ಎರಡೂ ತುದಿಯನ್ನು ಬಣ್ಣ ಬಳಿದ ರಾಕ್ಷಸ ಮೀನುಗಳು ಬಾಯಲ್ಲಿ ಕಚ್ಚಿ ಹಿಡಿದಿವೆ. ಎರಡೂ ಬದಿ 15ರಂತೆ 30 ಮಂಚಗಳು, ನಡುವೆ ಊಟದ ಮೇಜು, ಬೆಂಚುಗಳು. ಮಂಚಕ್ಕೊಂದು ಕುರ್ಚಿ, ತವರದ ಪಾತ್ರೆಗಳು. ಪೂರ್ವದ ತುದಿಯಲ್ಲಿ ಮರದ ಜಾಲರಿಯಾಚೆಗೆ ಪ್ರಾರ್ಥನಾಲಯ. ಪರದೆ ಸರಿಸಿದರೆ ಮಲಗಿದಲ್ಲಿಂದಲೇ ಬಲಿಪೂಜೆ ಕಾಣುತ್ತಿತ್ತು.

ಆ ಬಲಿಪೀಠದ ಹಿಂದೆ ನಿಂತಿತ್ತು ರೋಜಿಯರ್ ವ್ಯಾನ್ ಡರ್ ವೇಡನ್ ಬರೆದ 'ಅಂತಿಮ ತೀರ್ಪು'. ಇದು ಹಲವು ಹಲಗೆಗಳನ್ನು ಕೀಲಿನಿಂದ ಜೋಡಿಸಿದ, ತೆರೆದರೆ ಐದು ಮೀಟರಿಗೂ ಅಗಲವಾಗುವ ಚಿತ್ರಪಟ. ವಾರದ ದಿನಗಳಲ್ಲಿ ಅದು ಮುಚ್ಚಿರುತ್ತಿತ್ತು. ಆಗ ರೋಗಿಗಳಿಗೆ ಕಾಣುತ್ತಿದ್ದದ್ದು ಮಂಡಿಯೂರಿದ ದಾನಿ ದಂಪತಿ, ಅವರ ನಡುವೆ ಬಣ್ಣವಿಲ್ಲದ ಕಲ್ಲಿನ ಪ್ರತಿಮೆಗಳಂತೆ ಬರೆದ ಸಂತ ಸೆಬಾಸ್ಟಿಯನ್ ಮತ್ತು ಸಂತ ಅಂತೋನಿ. ಈ ಇಬ್ಬರ ಆಯ್ಕೆಯಲ್ಲಿ ಆಸ್ಪತ್ರೆಯ ವ್ಯವಹಾರಜ್ಞಾನ ಇದೆ: ಪ್ಲೇಗಿಗೆ ಹರಕೆ ಹೊರುತ್ತಿದ್ದದ್ದು ಮೊದಲನೆಯವನಿಗೆ, ಬೂಷ್ಟು ಹಿಡಿದ ರೈ ಧಾನ್ಯ ತಿಂದು ಕೈಕಾಲು ಉರಿದು ಕೊಳೆಯುವ ರೋಗಕ್ಕೆ ಎರಡನೆಯವನಿಗೆ. ಭಾನುವಾರ, ಹಬ್ಬದ ದಿನ ಬಾಗಿಲು ತೆರೆದಾಗ ಚಿನ್ನದ ಆಕಾಶದಲ್ಲಿ ಕ್ರಿಸ್ತ, ಕೆಳಗೆ ತಕ್ಕಡಿ ಹಿಡಿದ ಮಿಕಾಯೇಲ ದೇವದೂತ, ಎಡಬಲಕ್ಕೆ ಬೆತ್ತಲೆಯಾಗಿ ಏಳುತ್ತಿರುವ ಸತ್ತವರು. ನರಕದ ಕಡೆ ಒಂದೂ ಪಿಶಾಚಿಯಿಲ್ಲ. ಪಾಪಿಗಳು ತಮ್ಮ ಭಾರಕ್ಕೆ ತಾವೇ ಉರುಳುತ್ತಾರೆ. ಸಾವಿಗೆ ಹತ್ತಿರವಾದವನ ಎದುರು ಇಂಥ ಚಿತ್ರ ಇಡುವುದು ಕರುಣೆಯೋ ಬೆದರಿಕೆಯೋ ಎಂದು ನಮಗೆ ಅನ್ನಿಸಬಹುದು. ಅಂದಿನವರಿಗೆ ಪಾಪನಿವೇದನೆ ಮಾಡದೆ ಸಾಯುವುದಕ್ಕಿಂತ ದೊಡ್ಡ ಭಯವಿರಲಿಲ್ಲ. ಅದನ್ನು ನೆನಪಿಸುವುದೂ ಆಸ್ಪತ್ರೆಯ ಕೆಲಸವೇ ಆಗಿತ್ತು. ಮುಂದೆ 19ನೇ ಶತಮಾನದ ಸಂಕೋಚ ಆ ಬೆತ್ತಲೆ ದೇಹಗಳಿಗೆ ಬಟ್ಟೆ ಬಳಿಯಿತು, ಆಮೇಲೆ ಅದನ್ನು ಅಳಿಸಲಾಯಿತು. ಎರಡೂ ಮಗ್ಗುಲು ಒಟ್ಟಿಗೆ ಕಾಣಲೆಂದು ಹಲಗೆಗಳನ್ನು ದಪ್ಪದಲ್ಲಿ ಸೀಳಿ ಬೇರೆ ಮಾಡಲಾಯಿತು.

ಆತ್ಮದ ಈ ವ್ಯವಸ್ಥೆಯ ಕೆಳಗೇ ದೇಹದ ವ್ಯವಸ್ಥೆ ಹರಿಯುತ್ತಿತ್ತು, ಅಕ್ಷರಶಃ ಹರಿಯುತ್ತಿತ್ತು. ಬೂಜೇಜ್ ಎಂಬ ತೊರೆಯ ಮೇಲೆಯೇ ಆಸ್ಪತ್ರೆ ಕಟ್ಟಿದ್ದರು. ಹೊಲಸೆಲ್ಲ ಅದರಲ್ಲಿ ಕೊಚ್ಚಿಹೋಗುತ್ತಿತ್ತು. ಇಂದು ಸಂತ ನಿಕೊಲಾಸನ ಕೋಣೆಯ ನೆಲಕ್ಕೆ ಹಾಕಿದ ಗಾಜಿನ ಮೂಲಕ ಆ ನೀರು ಕಾಣುತ್ತದೆ. ಆ ಕೋಣೆಯಲ್ಲಿ ಕಾಯಿಲೆ ಉಲ್ಬಣಿಸಿದವರನ್ನು, ಉಳಿಯುವ ಭರವಸೆಯಿಲ್ಲದವರನ್ನು ಇಡುತ್ತಿದ್ದರು. 1658ರಲ್ಲಿ ಬಂದ ಹದಿನಾಲ್ಕನೇ ಲೂಯಿ, ಅಲ್ಲಿ ಹೆಂಗಸರು ಗಂಡಸರು ಒಂದೇ ಕೋಣೆಯಲ್ಲಿರುವುದನ್ನು ಕಂಡು, ಬೇರೆ ಮಾಡಲು ವರ್ಷಾಸನ ಕೊಟ್ಟ. ಅಡುಗೆಮನೆಯಲ್ಲಿ ಎರಡು ಒಲೆಯ ದೊಡ್ಡ ಗೂಡು, 1698ರಲ್ಲಿ ಮಾಡಿಸಿದ ತಾನೇ ತಿರುಗುವ ಮಾಂಸದ ಸಲಾಕೆ. ಔಷಧಿ ಕೋಣೆಯಲ್ಲಿ ಪಿಂಗಾಣಿ ಭರಣಿಗಳ ಸಾಲು, ಕಂಚಿನ ಒರಳು. ಬೆಚ್ಚನೆಯ ಊಟ, ಒಗೆದ ಬಟ್ಟೆ, ಹರಿಯುವ ನೀರು, ರಾತ್ರಿ ಎಚ್ಚರವಿರುವ ಮನುಷ್ಯರು: ಅಂದಿನ ವೈದ್ಯಶಾಸ್ತ್ರದ ರಕ್ತ ತೆಗೆಯುವಿಕೆ, ಭೇದಿಯ ಔಷಧಿಗಳಿಗಿಂತ ಇವೇ ಹೆಚ್ಚು ಜನರನ್ನು ಉಳಿಸಿರಬೇಕು.

ಮಂಚವೊಂದಕ್ಕೆ ಇಬ್ಬರನ್ನು ಮಲಗಿಸುವುದು ಬೋನ್‌ನಲ್ಲೂ ಇತ್ತು. ಹಾಗಿದ್ದರೂ ಹಜಾರದ 700 ಚದರ ಮೀಟರನ್ನು 60 ಜನಕ್ಕೆ ಹಂಚಿದರೆ ತಲೆಗೆ 11 ಚದರ ಮೀಟರಿಗೂ ಹೆಚ್ಚು ಬರುತ್ತದೆ. ತಲೆಯ ಮೇಲೆ 16 ಮೀಟರ್ ಗಾಳಿ. ದೇವರಿಗಾಗಿ ಎತ್ತರಿಸಿದ ಚಾವಣಿ ರೋಗಿಯ ಉಸಿರಿಗೂ ಒದಗಿತು.

ಈ ಪ್ರಮಾಣ ಐದು ಶತಮಾನ ಕೆಡದೆ ಉಳಿದದ್ದು ಹೇಗೆ? ರೊಲಾಂ ಕಟ್ಟಡವನ್ನಷ್ಟೇ ಕೊಡಲಿಲ್ಲ, ಹೆಂಡತಿಯ ತವರಾದ ಸಲಾಂನ ಉಪ್ಪಿನ ಭಟ್ಟಿಗಳಿಂದ ವರ್ಷಕ್ಕೆ 1,000 ಲೀವ್ರ್ ಆದಾಯ ಕಟ್ಟಿಟ್ಟ. 1457ರಿಂದ ಜನ ದ್ರಾಕ್ಷಿ ತೋಟಗಳನ್ನು ದಾನ ಬರೆಯತೊಡಗಿದರು. ಈಗ ಆಸ್ಪತ್ರೆಗೆ ಸುಮಾರು 60 ಹೆಕ್ಟೇರ್ ತೋಟವಿದೆ. 1859ರಿಂದ ಅದರ ವೈನನ್ನು ಪ್ರತಿ ನವೆಂಬರಿನಲ್ಲಿ ಹರಾಜು ಹಾಕುತ್ತಾರೆ, ಆ ಹಣ ಊರಿನ ಈಗಿನ ಆಸ್ಪತ್ರೆಗೆ ಸಲ್ಲುತ್ತದೆ. ಗಂಡ 1462ರಲ್ಲಿ ಸತ್ತ ಮೇಲೆ ಗಿಗೋನ್ ಆಸ್ಪತ್ರೆಯ ಆಡಳಿತದಲ್ಲೇ ಉಳಿದಳು, 1470ರಲ್ಲಿ ತೀರಿಕೊಂಡಾಗ ಅಲ್ಲಿನ ಪ್ರಾರ್ಥನಾಲಯದಲ್ಲೇ ಮಣ್ಣಾದಳು.

ಪ್ಯಾರಿಸ್: ಬಾಗಿಲು ಮುಚ್ಚದ ಆಸ್ಪತ್ರೆ

ಪ್ಯಾರಿಸ್‌ನ ಓತೆಲ್-ದ್ಯೂವನ್ನು 651ರಲ್ಲಿ ಬಿಷಪ್ ಲಾಂದ್ರಿ ಸ್ಥಾಪಿಸಿದನೆಂದು ಪರಂಪರೆ ಹೇಳುತ್ತದೆ. ನೋತ್ರ್ ದಾಮ್ ಇಗರ್ಜಿಯ ಮಗ್ಗುಲಲ್ಲಿ, ಸೇನ್ ನದಿಯ ದಡದಲ್ಲಿ ಅದು ಬೆಳೆಯಿತು. ಇದರ ಹಜಾರಗಳೂ ಆರಂಭದಲ್ಲಿ ಆಂಜೆ, ತೊನೇರ್‌ಗಳ ಬಂಧುಗಳೇ. ಆದರೆ ಬೋನ್ ಒಂದು ಸಣ್ಣ ಊರಿಗೆ, ಇದು ಯುರೋಪಿನ ದೊಡ್ಡ ನಗರಗಳಲ್ಲೊಂದಕ್ಕೆ. ಯಾರನ್ನೂ ವಾಪಸು ಕಳಿಸುವುದಿಲ್ಲ ಎಂಬುದು ಅದರ ಹೆಮ್ಮೆಯ ನೇಮ. ಜಾಗ ಮಾತ್ರ ನದಿಗೂ ಇಗರ್ಜಿಗೂ ನಡುವೆ ಸಿಕ್ಕಿಕೊಂಡ ಪಟ್ಟಿ. ಬೆಳೆಯಲು ದಾರಿಯಿಲ್ಲದೆ ಆಸ್ಪತ್ರೆ ನೀರಿನ ಮೇಲೇ ಹಬ್ಬಿತು: 17ನೇ ಶತಮಾನದ ಆರಂಭದಲ್ಲಿ ಕಟ್ಟಿದ ಪೋಂ ಓ ದೂಬ್ಲ್ ಸೇತುವೆಯ ಮೇಲೆ ವಾರ್ಡೇ ಇತ್ತು, ಪಕ್ಕದಲ್ಲಿ ದಾಟುವವರು ಸುಂಕ ಕೊಡಬೇಕಿತ್ತು.

ಆಡಳಿತ ಪೂರಾ ಪಾದ್ರಿಗಳ ಕೈಯಲ್ಲಿದ್ದು ಕೆಟ್ಟಿತು ಎನ್ನುವುದೂ ಅರ್ಧ ಸತ್ಯ. ಧರ್ಮಾಸ್ಪತ್ರೆಯ ಆದಾಯ ಪಾದ್ರಿಗಳ ಜಹಗೀರಾಗಬಾರದು, ನಡೆಸುವವರು ಲೆಕ್ಕ ಒಪ್ಪಿಸಬೇಕು ಎಂದು 1311-12ರ ವಿಯೆನ್ ಧರ್ಮಸಭೆಯೇ ವಿಧಿಸಿತ್ತು. ಪ್ಯಾರಿಸ್‌ನಲ್ಲಿ 1505ರಲ್ಲೇ ಹಣಕಾಸಿನ ಆಡಳಿತ ನಗರದ ಗೃಹಸ್ಥರ ಸಮಿತಿಗೆ ಹೋಯಿತು. ಆಮೇಲೂ ಮಂಚಗಳ ಮೇಲಿನ ಒತ್ತಡ ತಗ್ಗಲಿಲ್ಲ. ಹದಿನಾಲ್ಕನೇ ಲೂಯಿ 1656ರಲ್ಲಿ ಹೊರಡಿಸಿದ ಆಜ್ಞೆಯಿಂದ ಹುಟ್ಟಿದ 'ಸಾರ್ವತ್ರಿಕ ಆಸ್ಪತ್ರೆ'ಯಂತೂ ಭಿಕ್ಷುಕರನ್ನು, ಬೀದಿಪಾಲಾದವರನ್ನು ಕೂಡಿಹಾಕುವ ಏರ್ಪಾಡು. ದಾನಿಯ ಪಾಪಭೀತಿಯ ಜಾಗದಲ್ಲಿ ಈಗ ಪೊಲೀಸರ ಭಯ ಕೂತಿತ್ತು.

1772ರ ಡಿಸೆಂಬರ್ ಕೊನೆಯಲ್ಲಿ ಓತೆಲ್-ದ್ಯೂಗೆ ಬೆಂಕಿ ಬಿದ್ದು ದೊಡ್ಡ ಭಾಗ ಸುಟ್ಟುಹೋಯಿತು. ಅಲ್ಲೇ ಕಟ್ಟಬೇಕೋ ಊರಾಚೆಗೋ ಎಂಬ ಜಗಳ ಹದಿಮೂರು ವರ್ಷ ನಡೆದು, ಕೊನೆಗೆ 1785ರಲ್ಲಿ ವಿಜ್ಞಾನ ಅಕಾಡೆಮಿ ಸಮಿತಿ ನೇಮಿಸಿತು. ಅದರಲ್ಲಿ ಲಾವ್ವಾಸಿಯೆ, ಲಾಪ್ಲಾಸ್, ಕೂಲಂ ಇದ್ದರು. ಮಂಚ ಮಂಚದ ಬಳಿ ನಿಂತು ಎಣಿಸಿದವನು ಶಸ್ತ್ರವೈದ್ಯ ಜಾಕ್ ತೆನೊನ್. 1788ರಲ್ಲಿ ಅಚ್ಚಾದ ಅವನ ವರದಿಯ ಪ್ರಕಾರ ಅಲ್ಲಿ 1,219 ಮಂಚ. ಒಬ್ಬರೇ ಮಲಗುವವು 486, ಉಳಿದ 733 ದೊಡ್ಡ ಮಂಚಗಳು. ದೊಡ್ಡ ಮಂಚದ ಅಗಲ ಸುಮಾರು 140 ಸೆಂಟಿಮೀಟರ್, ಅದರಲ್ಲಿ ನಾಲ್ವರು, ಒಮ್ಮೊಮ್ಮೆ ಆರು ಜನ. ಆರು ಜನ ಮಲಗಿದರೆ ಒಬ್ಬನಿಗೆ ಸಿಗುವುದು ಒಂದು ಗೇಣಷ್ಟು ಜಾಗ. ಮೂವರ ತಲೆ ಒಂದು ಕಡೆ, ಮೂವರದು ಇನ್ನೊಂದು ಕಡೆ. ಜ್ವರದವನ ಪಕ್ಕ ಗಾಯದವನು, ಸಾಯುತ್ತಿರುವವನ ಪಕ್ಕ ಗುಣವಾಗುತ್ತಿರುವವನು. ತೆನೊನ್ ಇದನ್ನು ಎಡಿನ್‌ಬರೋದ ಆಸ್ಪತ್ರೆಗೆ ಹೋಲಿಸಿದ: ಅಲ್ಲಿ 25 ಜನಕ್ಕೆ ಒಬ್ಬರು ಸಾಯುತ್ತಿದ್ದರು.

ಕಟ್ಟಡವೇ ಮದ್ದು?

ಈ ವರದಿಗೆ ಮೊದಲೇ ಗಾಳಿಯ ಚಿಂತೆ ಶುರುವಾಗಿತ್ತು. ಲಿಯೋಂ ನಗರದ ಓತೆಲ್-ದ್ಯೂ ಹಳೆಯದು, 1530ರ ದಶಕದಲ್ಲಿ ಅಲ್ಲಿ ಬರಹಗಾರ ಫ್ರಾಂಸ್ವಾ ರಾಬೆಲೇ ವೈದ್ಯನಾಗಿದ್ದ. 1741ರಿಂದ ಅದರ ರೋನ್ ನದಿ ಬದಿಯ ಉದ್ದನೆಯ ಮುಂಭಾಗವನ್ನು ಕಟ್ಟಿಸಿದ ವಾಸ್ತುಶಿಲ್ಪಿ ಸೂಫ್ಲೊ, ನಡುವೆ ಒಂದು ದೊಡ್ಡ ಗುಮ್ಮಟ ಯೋಜಿಸಿದ. ಕೆಟ್ಟ ಗಾಳಿ ಬಿಸಿಯಾಗಿ ಮೇಲೇರಿ ಗುಮ್ಮಟದ ತುದಿಯಿಂದ ಹೊರಹೋಗಲಿ ಎಂಬುದು ಲೆಕ್ಕ. ದೇವರ ಕಡೆ ಏರುತ್ತಿದ್ದ ಚಾವಣಿ ಈಗ ಚಿಮಣಿಯಾಯಿತು. ಆ ಕಟ್ಟಡ 2010ರವರೆಗೂ ಆಸ್ಪತ್ರೆಯಾಗಿದ್ದು, ಈಗ ಅಂಗಡಿಗಳೂ ದುಬಾರಿ ಹೋಟೆಲೂ ಆಗಿದೆ.

ತೆನೊನ್ ಮತ್ತು ಕೂಲಂ 1787ರಲ್ಲಿ ಇಂಗ್ಲೆಂಡಿಗೆ ಹೋಗಿ, ಪ್ಲಿಮತ್‌ನ ನೌಕಾಪಡೆಯ ಆಸ್ಪತ್ರೆಯಲ್ಲಿ ಒಂದಕ್ಕೊಂದು ತಾಗದ ಬಿಡಿ ಕಟ್ಟಡಗಳನ್ನು ಕಂಡುಬಂದರು. ಒಬ್ಬನಿಗೊಂದು ಮಂಚ, ರೋಗಕ್ಕೊಂದು ವಾರ್ಡು, ವಾರ್ಡಿನ ಎರಡೂ ಕಡೆ ಕಿಟಕಿ ಇರಬೇಕೆಂದರು. ಪ್ಯಾರಿಸ್ಸಿನ ನಾಲ್ಕು ಕಡೆ 1,200 ಮಂಚಗಳ ನಾಲ್ಕು ಆಸ್ಪತ್ರೆಗಳಾಗಲಿ ಎಂದು ಅಕಾಡೆಮಿ ಸೂಚಿಸಿತು. ಫ್ರೆಂಚ್ ಕ್ರಾಂತಿ ಬಂದು ಅದೆಲ್ಲ ಕಾಗದದಲ್ಲೇ ಉಳಿಯಿತು. ಆ ವಿನ್ಯಾಸ ಪ್ಯಾರಿಸ್‌ನಲ್ಲಿ ಕಲ್ಲಾಗಿ ನಿಂತದ್ದು 1854ರಲ್ಲಿ ಪೂರ್ತಿಯಾದ ಲಾರಿಬ್ವಾಸಿಯೇರ್ ಆಸ್ಪತ್ರೆಯಲ್ಲಿ. ಉದ್ದನೆಯ ಅಂಗಳದ ಎರಡೂ ಕಡೆ ಬಾಚಣಿಗೆಯ ಹಲ್ಲಿನಂತೆ ಬಿಡಿ ಕಟ್ಟಡಗಳು, ಅಂಗಳದ ಕೊನೆಯಲ್ಲಿ ಪ್ರಾರ್ಥನಾಲಯ. ಅದಕ್ಕೂ ಹಣದ ಒಂದು ಪಾಲು ಬಂದದ್ದು ಒಬ್ಬ ಶ್ರೀಮಂತ ಮಹಿಳೆಯ ಉಯಿಲಿನಿಂದ. ಫ್ಲಾರೆನ್ಸ್ ನೈಟಿಂಗೇಲ್ ಅದನ್ನು ಮೆಚ್ಚಿದಳು, ಅದರ ಮಾದರಿ ದೇಶದೇಶಗಳಿಗೆ ಹಬ್ಬಿತು. ಆದರೆ ಶಸ್ತ್ರಚಿಕಿತ್ಸೆಯ ಗಾಯ ಕೀವಾಗಿ ಸಾಯುವುದನ್ನು ಗಾಳಿ ಬೆಳಕು ನಿಲ್ಲಿಸಲಿಲ್ಲ. ಅದಕ್ಕೆ ಸೂಕ್ಷ್ಮಾಣುಗಳ ಬಗೆಗಿನ ಪಾಶ್ಚರನ ಸಂಶೋಧನೆಯೂ, ಗಾಯದಲ್ಲಿ ಅವುಗಳನ್ನು ಕೊಲ್ಲಲು 1867ರಲ್ಲಿ ಶಸ್ತ್ರವೈದ್ಯ ಲಿಸ್ಟರ್ ಪ್ರಕಟಿಸಿದ ವಿಧಾನವೂ ಬೇಕಾದವು. ಕಟ್ಟಡವೇ ಮದ್ದು ಎಂದು ನಂಬಿದವರೂ ಬಲಿಪೀಠವೇ ಮದ್ದು ಎಂದು ನಂಬಿದವರಂತೆಯೇ ಅರ್ಧ ದಾರಿಯಲ್ಲಿ ನಿಂತಿದ್ದರು.

ಒಟ್ಟು ನೋಟ

ಈ ಏಳು ಶತಮಾನಗಳನ್ನು ಒಟ್ಟಿಗೆ ಹಿಡಿದು ನೋಡಿದರೆ, ಇಗರ್ಜಿಯಂಥ ಹಜಾರವೇ ಆಸ್ಪತ್ರೆಯನ್ನು ಕೆಡಿಸಿತು ಎನ್ನುವ ವಾದ ನಿಲ್ಲುವುದಿಲ್ಲ. ತೊನೇರ್‌ನ ಹಲಗೆಯ ಮರೆ, ಕಿಟಕಿಯ ಮೇಲ್‌ಹಾದಿ, ಬೋನ್‌ನ ಅಡಿಯಲ್ಲಿ ಹರಿವ ನೀರು, ಎರಡೂ ಕಡೆಯ ಎತ್ತರದ ಚಾವಣಿ, ಇವುಗಳಲ್ಲಿ ತೆನೊನ್ ಕೇಳಿದ್ದರ ಬಹುಪಾಲು ಆಗಲೇ ಇತ್ತು. ಬೋನ್‌ನಲ್ಲಿ ಪ್ರಮಾಣ ಉಳಿದದ್ದು ಮಂಚಗಳ ಸಂಖ್ಯೆಗೆ ಸರಿಯಾಗಿ ಆದಾಯವಿದ್ದುದರಿಂದ, ಆ ಆದಾಯ ವರ್ಷವರ್ಷ ಹುಟ್ಟುವ ಉಪ್ಪು, ದ್ರಾಕ್ಷಿಗಳಿಂದ ಬರುತ್ತಿದ್ದುದರಿಂದ, ಊರು ಚಿಕ್ಕದಾಗಿದ್ದುದರಿಂದ. ಪ್ಯಾರಿಸ್ ಸೋತದ್ದು ಯಾರನ್ನೂ ಹೊರಗೆ ಕಳಿಸೆವು ಎಂಬ ದೊಡ್ಡ ಮಾತಿಗೆ ತಕ್ಕ ಜಾಗವನ್ನೂ ಹಣವನ್ನೂ ರಾಜ್ಯ ಒದಗಿಸದೆ ಹೋದದ್ದರಿಂದ.

ಆದ್ದರಿಂದ ಧರ್ಮಾಸ್ಪತ್ರೆಯ ಇತಿಹಾಸವನ್ನು ದಾನಿಗಳ ಭಕ್ತಿಯಿಂದಲೋ ವಿಜ್ಞಾನಿಗಳ ನಕ್ಷೆಯಿಂದಲೋ ಅಳೆಯುವುದಕ್ಕಿಂತ ತೆನೊನ್‌ನ ಎಣಿಕೆಯಿಂದಲೇ ಅಳೆಯುವುದು ಮೇಲು. ಮಂಚ ಎಷ್ಟು, ಅದರಲ್ಲಿ ಮಲಗಿದವರು ಎಷ್ಟು, ಅವರ ನಾಳೆಯ ಗಂಜಿಗೆ ಹಣ ಎಲ್ಲಿಂದ? ರೊಲಾಂ ಸ್ವರ್ಗದ ಆಸೆಗೇ ಕಟ್ಟಿಸಿರಬಹುದು, ಆದರೆ ಈ ಮೂರಕ್ಕೂ ಅವನ ಬಳಿ ಉತ್ತರವಿತ್ತು. ಅವನಿಗಿಂತ ಶ್ರೀಮಂತರಾದ ಫ್ರಾನ್ಸಿನ ದೊರೆಗಳ ಬಳಿ ಇರಲಿಲ್ಲ.